ನಮ್ಮ ಅಂಗಳದ ಮಣ್ಣು

ಕೊಂಢವಾ, ಪುಣೆ
೨ ಡಿಸೆಂಬರ್ ೨೦೦೧

ಪ್ರೀತಿಯ ಅವ್ವಾ,

ನಿನ್ನ ಮಾಧುರಿಯ ನಮಸ್ಕಾರ. ಊರಿನಲ್ಲಿ ನಿನ್ನವ್ವ, ನಮ್ಮ ಸಾಬವ್ವ ಆಯಿ ಹೇಗಿದ್ದಾಳೆ? ಮುರಿದ ಸೊಂಟ ಕೂಡಿಕೊಂಡಿತೇ, ಕೋಲು ಹಿಡಿದು ಪಡಸಾಲೆಯವರೆಗಾದರೂ ಬರುತ್ತಾಳೆಯೇ? ಸಾಬವ್ವನನ್ನು ಹಾಸಿಗೆಯಲ್ಲಿ ಮಲಗಿಸುವುದೆಂದರೆ ಹುಲಿಗೆ ಮೂಗುದಾರ ಹಾಕಿದಂತೆ ಎಂದು ಮಾಮಾ ಫೋನಿನಲ್ಲಿ ನಗುತ್ತಿದ್ದ. ಅವಳ ಸೇವೆಯ ನಡುವೆ ನಿನ್ನ ಬಿ.ಪಿ. ಗುಳಿಗೆ ಮರೆಯಬೇಡ. ಇಲ್ಲಿ ಅಡುಗೆ ನನ್ನದೇ. ನನ್ನ ರೊಟ್ಟಿ ಇನ್ನೂ ದುಂಡಗಾಗಿಲ್ಲ. ಅಪ್ಪ ಒಂದಕ್ಕೆ ಮಹಾರಾಷ್ಟ್ರ, ಇನ್ನೊಂದಕ್ಕೆ ಗುಜರಾತ ಎಂದು ಹೆಸರಿಟ್ಟು ತಿಂದರು. ದೀಪಾವಳಿಗೆ ನೀನಿಲ್ಲದ ಮನೆ ಮನೆಯ ಹಾಗಿರಲಿಲ್ಲ. ಈಗ ಬರೆಯುವ ಸಂಗತಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಮಾಮಾನ ಅಂಗಡಿಯ ಫೋನಿಗೆ ಊರೆಲ್ಲ ಕಿವಿ ಇಟ್ಟಿರುತ್ತದೆ.

ನನ್ನ ತರಬೇತಿಯಲ್ಲಿ ಏನು ಕಲಿಸುತ್ತಾರೆ ಎಂದು ನೀನು ಕೇಳಿದ್ದೆಯಲ್ಲ. ಕಾರ್ಖಾನೆಗಳ ಹೊಲಸಿನಲ್ಲಿ ಯಾವುದು ಅಪಾಯದ್ದು, ಯಾವುದು ಅಲ್ಲ ಎಂದು ಪರೀಕ್ಷಿಸುವ ವಿಧಾನ ಕಲಿಸುತ್ತಾರೆ. ನೀನು ಹುಣಸೆಹಣ್ಣು ನೆನೆಹಾಕಿ, ಕಿವುಚಿ, ಸೋಸಿ ರಸ ತೆಗೆಯುತ್ತೀಯಲ್ಲ, ಹೆಚ್ಚುಕಡಿಮೆ ಹಾಗೆಯೇ. ಹೊಲಸನ್ನು ಪುಡಿಮಾಡಿ, ತುಸು ಹುಳಿ ಬೆರೆಸಿದ ನೀರಿನ ಜೊತೆ ಬಾಟಲಿಗೆ ತುಂಬಿದರೆ ಯಂತ್ರವೊಂದು ಅದನ್ನು ಹಗಲೂ ರಾತ್ರಿ ಉರುಳಿಸುತ್ತದೆ. ಆಮೇಲೆ ಸೋಸಿ, ನೀರಿಗೆ ಏನೇನು ಇಳಿದಿದೆ ಎಂದು ನೋಡಬೇಕು. ಮಳೆ ಬಿದ್ದಾಗ ಆ ಹೊಲಸಿನಿಂದ ಏನು ಹರಿದು ಜನರ ಬಾವಿ ಸೇರೀತು ಎಂಬುದು ಇದರಿಂದ ತಿಳಿಯುತ್ತದೆ. ಕಲಿಸುವವರು ಕೃಷ್ಣಾಜಿ ಸರ್. ಸದಾಶಿವ ಪೇಠದವರು, ಮಾತು ಕಡಿಮೆ. ಗಾಜಿನ ಪಾತ್ರೆ ಸರಿಯಾಗಿ ತೊಳೆಯದಿದ್ದರೆ ಬೈಯುವುದಿಲ್ಲ, ತಾವೇ ತೊಳೆಯಲು ನಿಲ್ಲುತ್ತಾರೆ. ಅದು ಬೈಗುಳಕ್ಕಿಂತ ಕಷ್ಟ.

ಅಕ್ಟೋಬರಿನಲ್ಲಿ ಅವರು, ಎಲ್ಲರೂ ಮನೆಯಿಂದ ಒಂದು ಹಿಡಿ ಒಳ್ಳೆಯ ಮಣ್ಣು ತನ್ನಿ ಎಂದರು. ವಿಷವಿಲ್ಲದ ಮಣ್ಣು ಪರೀಕ್ಷೆಯಲ್ಲಿ ಹೇಗೆ ಕಾಣುತ್ತದೆ ಎಂದು ಗೊತ್ತಿದ್ದರೆ ತಾನೇ ವಿಷ ಗುರುತಿಸಲು ಬರುವುದು? ನಾನು ನಮ್ಮ ಅಂಗಳದಲ್ಲಿ ಮೇಲಿನ ಕಸ ಬೇಡವೆಂದು ಗೇಣಿನಷ್ಟು ಅಗೆದು ಒಯ್ದೆ. ಅವ್ವಾ, ಎಲ್ಲರ ಬಾಟಲಿಯ ನೀರು ತಿಳಿಯಾಗಿ ಉಳಿಯಿತು. ನನ್ನದಕ್ಕೆ ಔಷಧದ ನಾಲ್ಕು ಹನಿ ಬೀಳುತ್ತಲೇ ಬೀಟ್‌ರೂಟ್ ಹೆಚ್ಚಿದ ಕೈ ತೊಳೆದಂಥ ಬಣ್ಣ ಬಂತು. ಹುಡುಗರು ನಕ್ಕರು. ನಾನು ಪಾತ್ರೆ ತೊಳೆದದ್ದೇ ತಪ್ಪಾಗಿದೆ ಎಂದುಕೊಂಡು ಮತ್ತೆ ತೊಳೆದೆ, ಮತ್ತೆ ಮಾಡಿದೆ. ಮತ್ತೆ ಅದೇ ಬಣ್ಣ. ಕೃಷ್ಣಾಜಿ ಸರ್ ನಗಲಿಲ್ಲ. "ಹೀ ಮಾತೀ ಕುಠಲೀ, ಬಾಳ?" ಎಂದು ಮೆಲ್ಲಗೆ ಕೇಳಿದರು. ಈ ಮಣ್ಣು ಎಲ್ಲಿಯದು ಮಗೂ ಎಂದು. ನಮ್ಮ ಅಂಗಳದ್ದೇ ಎಂದೆ. ಆ ಬಣ್ಣ ಕ್ರೋಮಿಯಂನದು, ಅದರಲ್ಲೂ ಕೆಟ್ಟ ಜಾತಿಯ ಕ್ರೋಮಿಯಂನದು. ಕಬ್ಬಿಣಕ್ಕೆ ಹೊಳಪಿನ ಲೇಪ ಕೊಡುವ ಕಾರ್ಖಾನೆಗಳ ತೊಟ್ಟಿಯ ತಳದಲ್ಲಿ ಕೂಡುವ ಕೆಸರಿನಲ್ಲಿ ಅದು ಇರುತ್ತದೆ.

ನಿನಗೆ ನೆನಪಿದೆಯಲ್ಲ, ಮನೆ ಕಟ್ಟುವಾಗ ನಮ್ಮ ಜಾಗ ತಗ್ಗಿನಲ್ಲಿತ್ತು. ಅಪ್ಪನ ಲೇಪದ ಕಾರ್ಖಾನೆಯ ಮಾಲಕ ಶೇಠಜಿ ಒಣಗಿದ ಹಳದಿ ಮಣ್ಣನ್ನು ಲಾರಿಗಟ್ಟಲೆ ಪುಕ್ಕಟೆ ಕಳಿಸಿದ್ದರು. "ಸ್ಟೋರಿನ ಗುಮಾಸ್ತನ ಮ್ಯಾಲೆ ಇಷ್ಟು ಪ್ರೀತಿ ಯಾವ ಮಾಲಕಗ ಇರತದ?" ಎಂದು ಅಪ್ಪ ಬಂದವರೆದುರೆಲ್ಲ ಹೇಳುತ್ತಿದ್ದರು. ತಮಗೆ ಸಾಕಾಗಿ ಉಳಿದದ್ದನ್ನು ಪಕ್ಕದ ಮನೆಯ ಗೌಂಡಿ ಮಾಂತು ಕಾಕಾ, ತಿಪ್ಪವ್ವ ಕಾಕುವಿನ ಅಂಗಳಕ್ಕೂ ಹಾಕಿಸಿದರು.

ಅಪ್ಪನಿಗೆ ಊಟಕ್ಕೆ ಮೊದಲು ಹೇಳಲೋ ಆಮೇಲೆ ಹೇಳಲೋ ಎಂದು ಒದ್ದಾಡಿ, ಕೊನೆಗೆ ಊಟದ ನಡುವೆ ಹೇಳಿಬಿಟ್ಟೆ. "ಇಷ್ಟು ವರ್ಷ ಅದರ ಮ್ಯಾಲೆ ಅಡ್ಡಾಡೇವಿ. ನಮಗೇನಾಗ್ಯಾದ? ನಿನ್ನ ಬಾಟಲ್ಯಾಗ ಏನೋ ಹೆಚ್ಚುಕಮ್ಮಿ ಆಗಿರಬೇಕು" ಎಂದರು. ಸಿಟ್ಟಾಗಲಿಲ್ಲ, ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು. ಎರಡು ತುತ್ತು ತಿಂದರು. ಆಮೇಲೆ ಕೈ ತಾಟಿನಲ್ಲೇ ನಿಂತಿತು. "ತಿಪ್ಪವ್ವನ ಬೆರಳು..." ಎಂದರು. ತಿಪ್ಪವ್ವ ಕಾಕು ಮಣೆ ಹಾಕಿ ಆ ಅಂಗಳದಲ್ಲೇ ಅರಿವೆ ಒಗೆಯುತ್ತಾಳೆ, ಅಲ್ಲಿಯ ಬೋರಿನ ನೀರಿನಲ್ಲೇ. ಅವಳ ಬೆರಳಿನ ಹುಣ್ಣು ಸೋಪಿನಿಂದ ಆದದ್ದು ಎಂದು ನಾವೆಲ್ಲ ತಿಳಿದಿದ್ದೆವು.

ಆ ಹೊತ್ತೇ ಕೈ ತೊಳೆದು ಅವರ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಅಪ್ಪ ಸುತ್ತುಬಳಸಿ ಮಾತಾಡಲಿಲ್ಲ. "ಮಾಂತು, ನಾ ಹಾಕಿಸಿದ ಮಣ್ಣಿನಾಗ ವಿಷ ಅದ ಅಂತ ನನ್ನ ಮಗಳು ಹೇಳತಾಳ. ನಿಮ್ಮ ಬೋರಿನ ನೀರು ಕುಡೀಬ್ಯಾಡ್ರಿ" ಎಂದರು. ಮಾಂತು ಕಾಕಾ "ಪುಕ್ಕಟೆ ಸಿಗತದ ಅಂದಾಗಽ ನಾ ವಿಚಾರ ಮಾಡಬೇಕಿತ್ತು" ಎಂದು ಒಳಗೆ ಹೋಗಿಬಿಟ್ಟ. ತಿಪ್ಪವ್ವ ಕಾಕು ಮಾತ್ರ "ನೀವು ಪ್ರೀತೀಲೆ ಕೊಟ್ರಿ ಅಣ್ಣಾ, ಗೊತ್ತಿದ್ದು ಕೊಟ್ರೇನು?" ಎಂದಳು. ಅಪ್ಪನನ್ನು ಆ ಮಾತೇ ಹೆಚ್ಚು ನೋಯಿಸಿತು ಎಂದು ನನಗೆ ಅನಿಸಿತು.

ಬೆಳಗ್ಗೆ ಅಪ್ಪನೇ ಅವರ ಮಣ್ಣನ್ನೂ ನೀರನ್ನೂ ಸ್ಕೂಟರಿನ ಮೇಲೆ ಪ್ರಯೋಗಾಲಯಕ್ಕೆ ತಂದರು. ನೀರಿಗೂ ಬಣ್ಣ ಬಂತು, ತೆಳುವಾಗಿ. ಅಪ್ಪ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನೇರ ಶೇಠಜಿಯ ಹತ್ತಿರ ಹೋಗಿ, ಮಣ್ಣು ವಾಪಸು ತೆಗೆದುಕೊಂಡು ಹೋಗಿ ಎಂದು ಕೇಳಿದರು. ಹುಡುಗಿ ಇನ್ನೂ ಕಲಿಯುತ್ತಿದ್ದಾಳೆ, ಅವಳ ಮಾತು ಕೇಳಿ ಅಂಗಳ ಅಗೆಸುತ್ತೀಯಾ ಎಂದು ಅವರು ನಕ್ಕರಂತೆ. ಕೃಷ್ಣಾಜಿ ಸರ್ ತಾವೇ ಮತ್ತೊಮ್ಮೆ ಪರೀಕ್ಷೆ ಮಾಡಿ ವರದಿ ಕೊಟ್ಟರು. ಮಾಲಿನ್ಯ ಮಂಡಳಿಗೆ ಅರ್ಜಿ ಬರೆಯುವಾಗ, ಅಪ್ಪನ ಹೆಸರು ಬೇಡ, ನಾನು ಸಹಿ ಮಾಡುತ್ತೇನೆ ಎಂದೆ. "ಮಣ್ಣು ತರಿಸಿದಾಂವ ನಾನು. ಸಹೀನೂ ನಂದಽ ಇರಬೇಕು" ಎಂದರು.

ಮಂಡಳಿಯವರು ಬಂದರು, ತಾವೂ ಮಣ್ಣು ಒಯ್ದರು. ಕಳೆದ ವಾರ ಕೈಗವಸು, ಬೂಟು ಹಾಕಿದ ಕೂಲಿಯವರು ಎರಡೂ ಅಂಗಳ ಅಗೆದು, ಆ ಮಣ್ಣನ್ನು ಶೇಠಜಿಯ ಕಾರ್ಖಾನೆಯ ಶೆಡ್ಡಿಗೇ ಒಯ್ದು ಹಾಕಿದರು. ಬೋರಿನ ಹ್ಯಾಂಡಲ್ ಬಿಚ್ಚಿದ್ದಾರೆ. ಸದ್ಯಕ್ಕೆ ಟ್ಯಾಂಕರ್ ನೀರು. ತಿಪ್ಪವ್ವ ಕಾಕುವನ್ನು ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಹುಣ್ಣು ಆರುತ್ತಿವೆ, ಆದರೆ ಒಂದು ಬೆರಳಿನ ತುದಿಗೆ ಸ್ಪರ್ಶ ತಿಳಿಯುವುದಿಲ್ಲ ಎನ್ನುತ್ತಾಳೆ. ಮಾಂತು ಕಾಕಾ ದೀಪಾವಳಿಗೂ ನಮ್ಮ ಮನೆಗೆ ಬರಲಿಲ್ಲ. ಆದರೆ ನಿನ್ನೆ ಅಪ್ಪ ತಗ್ಗಿಗೆ ಹಲಗೆ ಹಾಕಲು ಒದ್ದಾಡುವುದನ್ನು ಗೋಡೆಯಾಚೆಯಿಂದ ನೋಡಿ, "ಹಂಗಲ್ರಿ, ಬೀಳ್ತೀರಿ, ಬಿಡ್ರಿ" ಎನ್ನುತ್ತ ಬಂದು ತಾನೇ ಹಲಗೆ ಕೂರಿಸಿದ. ಚಹಾ ಕುಡಿಯಲಿಲ್ಲ. ಅಷ್ಟಾದರೂ ಬಂದನಲ್ಲ ಎಂದು ನನಗೆ ಸಮಾಧಾನ.

ನನ್ನ ತರಬೇತಿ ಮಾರ್ಚಿಗೆ ಮುಗಿಯುತ್ತದೆ. ಆಯಿಗೆ ನನ್ನ ನಮಸ್ಕಾರ ಹೇಳು, ಮಾಮಾನ ಮಕ್ಕಳಿಗೆ ಮುತ್ತು ಕೊಡು. ನಿನ್ನ ಆಶೀರ್ವಾದ ಇಲ್ಲಿಯವರೆಗೂ ತಲುಪುತ್ತಿರಲಿ.

ನಿನ್ನ ಮಗಳು
ಮಾಧುರಿ

ತಾ.ಕ.: ಅವ್ವಾ, ಅಪ್ಪ ಅಂಚೆಗೆ ಹಾಕಲು ಈ ಪತ್ರ ಕೇಳುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮಂಡಳಿಯವರು ಬಂದುಹೋದ ಮರುದಿನವೇ ಶೇಠಜಿ ಅಪ್ಪನನ್ನು ಕೆಲಸದಿಂದ ತೆಗೆದರು. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ದಿನಾ ಬೆಳಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೊರಟವರಂತೆ ಸ್ವಾರಗೇಟಿನ ಬಸ್ ನಿಲ್ದಾಣದವರೆಗೆ ಹೋಗಿ ಬರುತ್ತಾರೆ. ನನ್ನೆದುರು ನಗುತ್ತಾರೆ. ಆಯಿಯನ್ನು ಮಾಮಾ ನೋಡಿಕೊಳ್ಳಲಿ, ನೀನು ಬಂದುಬಿಡು. ಅವರು ಅಳುವುದಾದರೆ ನಿನ್ನೊಬ್ಬಳ ಮುಂದೆ ಮಾತ್ರ.