ಕಿಟಕಿಕಟ್ಟೆಯ ಕನ್ನಡಕ

ಅಕ್ಕಾ,
ಜ್ವರ ಬಿಟ್ಟಿದೆ, ಊಟ ಮಾತ್ರ ಸೇರುತ್ತಿಲ್ಲ. ಜನರ ನಂಬಿಕೆಗಳ ಅಧ್ಯಯನಕ್ಕೆಂದು ನಾನು ಬಂದಿರುವ ಇಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರು ಕೂತು ಅಳಲು ಒಂದು ಕೋಣೆಯಿದೆ. ಅಲ್ಲಿ ಯಾವ ದೇವರ ಗುರುತೂ ಇರಬಾರದೆಂದು ನಿಯಮ. ಕಿಟಕಿಕಟ್ಟೆಯ ಮೇಲೆ ಒಂದು ಕನ್ನಡಕ, ಮಗುವಿನ ಒಂಟಿ ಕಾಲುಚೀಲ. ಕಸ ಗುಡಿಸುವಾಕೆ ದಿನಾ ಒರೆಸಿ ಇಡುತ್ತಿದ್ದಳು. ಅವಳನ್ನು ಒಂದು ಮಾತೂ ಕೇಳದೆ, ಇವು ಹರಕೆಯ ವಸ್ತುಗಳೆಂದು ನನ್ನ ವರದಿಯಲ್ಲಿ ಬರೆದುಬಿಟ್ಟೆ. ಆಸ್ಪತ್ರೆಯ ಮೇಲಧಿಕಾರಿ ಅದನ್ನು ಓದಿ, ಎಲ್ಲವನ್ನೂ ಎಸೆಸಿ, ಅವಳನ್ನು ಕೆಲಸದಿಂದ ತೆಗೆದರು. ಯಾವುದು ಧರ್ಮವೆಂದು ತೀರ್ಮಾನಿಸಲು ನೀವ್ಯಾರು ಎಂದು ಇಂಥವರನ್ನು ಕೇಳಲೆಂದೇ ಬಂದವನು ನಾನು! ತಪ್ಪಾಯಿತೆನ್ನಲು ಅವಳ ಮನೆಗೆ ಹೋದೆ.
"ಹರಕೆ ಎಲ್ಲಿಂದ ಬಂತು ಸಾರ್? ಜನ ಮರೆತು ಹೋಗಿದ್ದು ಅದೆಲ್ಲ. ಕನ್ನಡಕ ಬಿಟ್ಟು ಹೋದ ಅಜ್ಜಿ ಕೇಳ್ಕೊಂಡು ಬಂದ್ರೆ ಈಗ ಯಾರು ಕೊಡ್ತಾರೆ?"
ಕಾರ್ಡಿನಲ್ಲಿ ಜಾಗ ಮುಗಿಯಿತು. ಮನೆಯಲ್ಲಿ ಇನ್ನು ನನ್ನನ್ನು ಪಂಡಿತ ಎನ್ನಬೇಡಿ.
ನಿನ್ನ ತಮ್ಮ