ಮರ್ಸಿಯೇ ಎಂದರೆ ನಮ್ಮ ಮನಿಯಾರ

ಪ್ರೀತಿಯ ದಾದಿ, ಸಲಾಂ.

ಮೊದಲು ಮಾಫಿ ಕೇಳುತ್ತೇನೆ. ಓದು ಬಾರದ ಅಜ್ಜಿಗೆ ಮೊಮ್ಮಗಳು ಪತ್ರ ಬರೆಯುವುದೇ ತಪ್ಪು, ಅದೂ ನೀನು ಕಣ್ಣು ಮುಚ್ಚಿ ಎರಡು ರಂಜಾನ್ ಕಳೆದ ಮೇಲೆ. ಆದರೆ ಇದನ್ನು ನಿನಗೆ ಹೇಳದೆ ನನಗೆ ಸಮಾಧಾನವಿಲ್ಲ. ಅಲ್ಲಿ ಓದಿ ಹೇಳುವವರು ಯಾರಾದರೂ ಇದ್ದೇ ಇರುತ್ತಾರೆ.

ಸಿಂಧನೂರಿನ ಕಾಲೇಜು ಸೇರಿದ್ದೇನೆ, ಫಸ್ಟ್ ಇಯರ್. ಇಲ್ಲಿ ಸಂಜೆ ಫ್ರೆಂಚ್ ಕ್ಲಾಸೂ ಇದೆ. ಮೇಡಂ ಪುದುಚೇರಿಯಲ್ಲಿ ಕೂತು ಪರದೆಯ ಮೇಲೆ ಕಲಿಸುತ್ತಾರೆ. ನಗಬೇಡ. ಹೋದ ವಾರ ಒಬ್ಬೊಬ್ಬರಿಗೂ ಒಂದೊಂದು ಫ್ರೆಂಚ್ ಮನೆತನದ ಅಡ್ಡಹೆಸರು ಹಂಚಿದರು. ಅದರ ಅರ್ಥ ಹುಡುಕಿ ಎಲ್ಲರ ಮುಂದೆ ಹೇಳಬೇಕು, ಜೊತೆಗೆ ನಮ್ಮ ಅಡ್ಡಹೆಸರಿನ ಅರ್ಥವನ್ನೂ. ನನಗೆ ಬಂದದ್ದು ಮರ್ಸಿಯೇ. ಫ್ರೆಂಚರಲ್ಲಿ ಎಲ್ಲೆಡೆ ಕೇಳಿಬರುವ ಹೆಸರಂತೆ. ಸರಕು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ್ದು. ಮೊದಲು ಎಲ್ಲ ಸರಕೂ ಮಾರುವವನು ಮರ್ಸಿಯೇ. ಬರಬರುತ್ತ ಸೂಜಿ, ದಾರ, ರಿಬ್ಬನ್, ಗುಂಡಿ ಮಾರುವವನು. ಅಂಗಡಿ ಇಟ್ಟವನೂ ಅವನೇ, ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿದವನೂ ಅವನೇ. ಓದುತ್ತ ಹೋದಂತೆ ಕಣ್ಣ ಮುಂದೆ ಬಂದದ್ದು ಯಾರು ಹೇಳು? ಮಸ್ಕಿಯಿಂದ ಬೆಳಗಿನ ಬಸ್ಸು ಹಿಡಿದು, ಗೊರೇಬಾಳದ ಕಟ್ಟೆಯ ಮೇಲೆ ಬಳೆಯ ಗಂಟು ಬಿಚ್ಚಿ, ಪಿನ್ನು ರಿಬ್ಬನ್ನು ಹರವಿಕೊಂಡು ಕೂರುತ್ತಿದ್ದ ನೀನು.

ಆದರೆ ಬಳೆಗಾರರೆಂದು ಸಾರುವ ನಮ್ಮ ಅಡ್ಡಹೆಸರು ಮನಿಯಾರ ರಿಜಿಸ್ಟರಿನಲ್ಲಿ ಇಲ್ಲವಲ್ಲ, ಬರೀ ಶಾಹೀನ್ ಎಂ. ಹಾಸ್ಟೆಲ್ ಸೇರುವಾಗ ಹಟ ಮಾಡಿ ಹಾಗೆ ಬರೆಸಿದ್ದೆ. ಎಂ. ಎಂದರೆ ಏನು ಎಂದವರಿಗೆ, ಮಸ್ಕಿ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಲಿಂಗಸುಗೂರಿನ ಆ ಭಾನುವಾರ ನಿನಗೆ ನೆನಪಿದೆಯಾ? ನಾನು ಒಂಬತ್ತನೇ ಕ್ಲಾಸು. ನೀನು ಗಂಟು ಹೊತ್ತೇ ಹಾಸ್ಟೆಲ್ಲಿಗೆ ನನ್ನನ್ನು ನೋಡಲು ಬಂದೆ. ಯಾರಿವರು ಎಂದು ಹುಡುಗಿಯರು ಕೇಳಿದರು. ನಮ್ಮ ಕಡೆ ಬಳೆ ಮಾರುವವಳು ಎಂದುಬಿಟ್ಟೆ. ನಿನಗೆ ಕೇಳಿಸಿತು. ಏನೂ ಆಗದವಳಂತೆ ಕೂತು ಒಬ್ಬೊಬ್ಬರ ಕೈ ಒತ್ತಿ, ಅಳತೆ ನೋಡಿ ಬಳೆ ಇಟ್ಟೆ. ನನ್ನ ಸರದಿ ಬಂತು. ಮನೆಯಲ್ಲಿ ನನ್ನೊಂದಿಗೆ ದಖನಿ ಉರ್ದು ಬಿಟ್ಟು ಬೇರೆ ಮಾತಾಡದ ನೀನು ಅವತ್ತು ಕನ್ನಡದಲ್ಲಿ ಕೇಳಿದೆ:

“ಯಾರ ಮಗಳವ್ವಾ ನೀ? ಊಟ ಬರೋಬರಿ ಮಾಡಾಕತ್ತೀಯಿಲ್ಲೋ?”

ಬಳೆ ಇಟ್ಟವರಿಗೆ ಕೈ ಮುಗಿಯುವುದು ರೂಢಿ. ಎಲ್ಲರೂ ಮುಗಿದರು. ನಾನೂ ಮುಗಿದೆ, ಗಿರಾಕಿಯ ಹಾಗೆ. ಆಮೇಲೆ ರಜೆಗೆ ಬಂದಾಗಲೂ ನೀನು ಆ ಮಾತು ಎತ್ತಲಿಲ್ಲ. ನನಗೂ ಎಷ್ಟೋ ಸಲ ಬಾಯಿ ತನಕ ಬಂದು...

ನಿನ್ನೆ ಕ್ಲಾಸಿನಲ್ಲಿ ನನ್ನ ಸರದಿ. ಎದ್ದು ನಿಂತೆ, ದಾದಿ. ಮರ್ಸಿಯೇ ಮಾಡಿದ ಕೆಲಸವನ್ನು ನಮ್ಮಲ್ಲಿ ಮನಿಯಾರರು ಮಾಡುತ್ತಾರೆ, ನಾನು ಮನಿಯಾರರ ಹುಡುಗಿ, ಗೊರೇಬಾಳ, ದಢೇಸುಗೂರಿನ ಹೆಂಗಸರ ಕೈಗೆಲ್ಲ ಬಳೆ ಇಟ್ಟವಳು ನನ್ನ ದಾದಿ ಎಂದೆ. ಹಾಸ್ಟೆಲ್ಲಿನ ಗೆಳತಿ ರೇಣುಕಾ ಈಗ ಇಲ್ಲಿಯೂ ನನ್ನ ಜೊತೆಗಿದ್ದಾಳೆ. ಕ್ಲಾಸು ಮುಗಿದ ಮೇಲೆ, ಅವತ್ತು ಬಂದವಳು ನನ್ನ ದಾದಿಯೇ ಎಂದು ಅವಳಿಗೆ ಹೇಳಿದೆ. ಅವಳು ನಕ್ಕಳು.

“ಅದು ನಮಗ ಅವತ್ತೇ ಗೊತ್ತಾಗಿತ್ತಲೇ. ಎಲ್ಲಾರ ಕೈ ಒತ್ತಿ ಒತ್ತಿ ನೋಡಿದಾಕಿ, ನಿನ್ನ ಕೈ ಮುಟ್ಟೂಕಿಂತ ಮೊದ್ಲೇ ನಿನ್ನ ಅಳತಿ ಬಳಿ ತಗದಿಟ್ಟಿದ್ಲು.”

ಇವತ್ತು ಆಫೀಸಿನಲ್ಲಿ ಹೆಸರು ತಿದ್ದುಪಡಿಗೆ ಅರ್ಜಿ ಕೊಟ್ಟೆ. ಶಾಹೀನ್ ಮನಿಯಾರ. ಹತ್ತನೆಯ ಮಾರ್ಕ್ಸ್ ಕಾರ್ಡಿನಿಂದ ಎಲ್ಲ ಬದಲಾಗಬೇಕು, ಬಹಳ ಓಡಾಟವಿದೆ ಎಂದು ಗುಮಾಸ್ತರು ಹೆದರಿಸಿದರು. ಓಡಾಡುತ್ತೇನೆ ಸರ್ ಎಂದೆ. ಅವರು ಕೇಳಿದ ಕಾಗದಗಳನ್ನೆಲ್ಲ ನಾನು ಹೊಂದಿಸಬಲ್ಲೆ. ನನಗೆ ಬೇಕಾದದ್ದು ನಿನ್ನ ಒಂದು ಮಾತು: ಆ ಭಾನುವಾರವನ್ನು ಮಾಫ್ ಮಾಡಿದ್ದೀಯಾ?

ಬೇಗ ಉತ್ತರ ಕೊಡು, ದಾದಿ.