ಹದಿನೈದನೆಯ ಕೈ

ಅಪ್ಪಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದನ್ನು ಓದಿ.

"ಯಾರೋ ನಿಲ್ಲಿಸಿದೋರಿಗೆ ನಾವು ಓಟು ಹಾಕ್ಬೇಕು" ಅಂತ ಪ್ರತಿ ಚುನಾವಣೆಗೂ ಬೈಯುತ್ತೀರಲ್ಲ, ಆ 'ಯಾರೋ' ಯಾರೆಂದು ನೋಡಿಬಂದೆ! ನೀವು ನಲವತ್ತು ವರ್ಷ ಓಟು ಹಾಕಿದ ಪಕ್ಷದ ಕಚೇರಿ ಇಲ್ಲಿ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ವಾರ್ಡಿನ ಅಭ್ಯರ್ಥಿಯನ್ನು ಆರಿಸಲು ಬಂದವರು ನನ್ನನ್ನೂ ಸೇರಿಸಿ ಹದಿನೈದೇ ಜನ!

ಟಿಕೆಟ್ ಕೇಳಿದವರು ಇಬ್ಬರು, ಒಬ್ಬ ರಸ್ತೆ ಗುತ್ತಿಗೆದಾರರು, ಇನ್ನೊಬ್ಬರು ನಮ್ಮ ಬೀದಿಯ ನರ್ಸಕ್ಕ. ಗುತ್ತಿಗೆದಾರರಿಗೆ ಏಳು ಕೈ, ನರ್ಸಕ್ಕನಿಗೆ ಏಳು ಕೈ. ಎಲ್ಲರೂ ನನ್ನತ್ತ ತಿರುಗಿದರು. ಹೊಲಿಗೆ ಬಿಟ್ಟು ಓಡಿಬಂದಿದ್ದೆ, ಅಳತೆ ಟೇಪು ಕೊರಳಲ್ಲೇ ಇತ್ತು. "ಟೈಲರಮ್ಮ, ನೀವೇನಂತೀರಿ?" ಅಂದರು. ನರ್ಸಕ್ಕನಿಗೆ ಅಂತ ಕೈ ಎತ್ತಿದೆ. ಟಿಕೆಟ್ ಅವರಿಗೇ ಸಿಕ್ಕಿತು!

ಸದಸ್ಯರಾಗಿ ಮೂರು ತಿಂಗಳಾದವರಿಗೆ ಮಾತ್ರ ಕೈ ಎತ್ತುವ ಹಕ್ಕು. ನಾನು ಅದಕ್ಕೂ ಮೊದಲೇ ಸೇರಿದ್ದೆ, ಬೈಯುತ್ತೀರೆಂದು ಹೇಳಿರಲಿಲ್ಲ. ನಿಮ್ಮೂರಿನ ಅಭ್ಯರ್ಥಿಯ ಆಯ್ಕೆಗೆ ಇನ್ನೂ ನಾಲ್ಕು ತಿಂಗಳಿದೆ. ಜೊತೆಗಿಟ್ಟ ಸದಸ್ಯತ್ವದ ಅರ್ಜಿಗೆ ಫೋಟೋ ಅಂಟಿಸಿ, ಸಹಿ ಹಾಕಿ, ಈ ವಾರವೇ ಅಲ್ಲಿನ ಕಚೇರಿಗೆ ಕೊಟ್ಟುಬಿಡಿ. ಅಲ್ಲೂ ಕುರ್ಚಿ ಖಾಲಿ ಇದ್ದೇ ಇರುತ್ತವೆ. ಇನ್ನು ಬೈಯುವುದಿದ್ದರೆ ಅಲ್ಲೇ ಕೂತು ಬೈಯಿರಿ.

ನಾನು ಕ್ಷೇಮ.

ಆ 'ಯಾರೋ'ಗಳಲ್ಲಿ ಒಬ್ಬಳು,
ನಿಮ್ಮ ಮಗಳು